ಬೇಸಿಗೆಯಲ್ಲಿ ದಿನಾ ಓಡಿಸೋಕೆ ಸೆಕೆಂಡ್ ಹ್ಯಾಂಡ್ ಕನ್ವರ್ಟಿಬಲ್ (ರೂಫ್ ಮಡಚುವ) ಸ್ಪೋರ್ಟ್ಸ್ ಕಾರ್: ಯಾವುದು ತಗೊಳ್ಳಲಿ, ಏನೇನು ನೋಡಲಿ?

ನಿಮ್ಮ ಪ್ರಶ್ನೆ ಇಷ್ಟು: ಮಿಶಿಗನ್‌ನಲ್ಲಿದ್ದೀರಿ, ಮೇಯಿಂದ ಸೆಪ್ಟೆಂಬರ್‌ವರೆಗೆ ದಿನಾ 50 ಮೈಲಿ ಹೋಗಿ ಬರಬೇಕು, ಅದರಲ್ಲಿ ಅರ್ಧ ಫ್ರೀವೇ. ಬಜೆಟ್ 15 ಸಾವಿರ ಡಾಲರ್, ನಿಮ್ಮ ಎತ್ತರ ಆರಡಿ, ಚಳಿಗಾಲಕ್ಕೆ ಬೇರೆ ಕಾರಿದೆ. ಮಜ್ದಾ ಮಿಯಾಟಾ, ಪೋರ್ಷೆ ಬಾಕ್‌ಸ್ಟರ್, ಬಿಎಂಡಬ್ಲ್ಯೂ ಜೆಡ್4, ಹೋಂಡಾ ಎಸ್2000 ಈ ನಾಲ್ಕರಲ್ಲಿ ಯಾವುದು? ಮುಂದೆ ಅದನ್ನ ಬೆಂಗಳೂರಿಗೆ ತಗೊಂಡು ಹೋಗಬಹುದಾ?

ಮೊದಲು ಉತ್ತರ, ಆಮೇಲೆ ಕಾರಣ. 2009ರಿಂದ 2015ರ ನಡುವಿನ ಮೂರನೇ ತಲೆಮಾರಿನ ಮಿಯಾಟಾ, ಅಂದ್ರೆ ಎನ್‌ಸಿ, ಮ್ಯಾನುಯಲ್ ಗೇರ್‌ನದು. ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಚೆಲ್ಲುವ ರಾಜ್ಯಗಳಲ್ಲಿ ಓಡದೇ ಇದ್ದ ಗಾಡಿ ಸಿಕ್ಕಿದರೆ ಅದಕ್ಕೆ ಸಾವಿರ ಡಾಲರ್ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಕನ್ವರ್ಟಿಬಲ್ ನೋಡೋಕೆ ಹೋದವರೆಲ್ಲ ನೇರ ಬಾನೆಟ್ ಎತ್ತಿ ಎಂಜಿನ್ ನೋಡ್ತಾರೆ, ಓಡೋಮೀಟರ್ ನೋಡ್ತಾರೆ. ಈ ಕಾರುಗಳನ್ನ ಕೊಲ್ಲೋದು ಎಂಜಿನ್ ಅಲ್ಲ, ನೀರು. ಬಟ್ಟೆ ರೂಫಿನ ಮೇಲೆ ಬಿದ್ದ ಮಳೆ ಹಿಂದಕ್ಕೆ ಹರಿದು, ಬುಡದಲ್ಲಿರುವ ಒಂದು ಕಾಲುವೆಗೆ ಬೀಳುತ್ತೆ. ಅಲ್ಲಿಂದ ಎರಡೂ ಸೀಟುಗಳ ಹಿಂದಿನ ಮೂಲೆಯಲ್ಲಿ, ಸೀಟ್ ಬೆಲ್ಟ್ ಕಂಬದ ಪಕ್ಕದ ರಂಧ್ರದ ಮೂಲಕ ಕೊಳವೆಗೆ ಇಳಿದು, ಹಿಂದಿನ ಚಕ್ರದ ಸ್ವಲ್ಪ ಮುಂದೆ ಕಾರಿನ ಅಡಿಯಿಂದ ಹೊರಗೆ ಬೀಳಬೇಕು. ಮರದಡಿ ನಿಂತ ಕಾರಿನಲ್ಲಿ ಎಲೆ, ಧೂಳು, ಮೇಪಲ್ ಬೀಜ ಎಲ್ಲ ಸೇರಿ ಆ ರಂಧ್ರ ಕಟ್ಟುತ್ತೆ. ಹಂಚಿನ ಮಾಡಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ನೀರು ಒಳಗೋಡೆಗೆ ಇಳಿಯುತ್ತಲ್ಲ, ಹಾಗೇ. ಇಲ್ಲಿ ಒಳಗೋಡೆ ಅಂದ್ರೆ ಬಾಗಿಲ ಕೆಳಗಿನ ರಾಕರ್ ಪ್ಯಾನಲ್. ಅದು ಒಳಗಿಂದ ಕೊಳೆಯುತ್ತೆ, ಹೊರಗೆ ಬಣ್ಣ ಚೆನ್ನಾಗೇ ಇರುತ್ತೆ. ಮೇಲೆ ಥಳುಕು, ಒಳಗೆ ಹುಳುಕು.

ಪರೀಕ್ಷೆಗೆ ಅರ್ಧ ಲೀಟರ್ ನೀರಿನ ಬಾಟಲ್ ಒಂದು ಸಾಕು. ರೂಫ್ ಅರ್ಧ ಮಡಚಿ, ಸೀಟಿನ ಹಿಂದಿನ ಮೂಲೆಯ ರಂಧ್ರ ಟಾರ್ಚ್ ಬಿಟ್ಟು ಹುಡುಕಿ. ಎನ್‌ಸಿಯಲ್ಲಿ ಅಲ್ಲೊಂದು ಸಣ್ಣ ಪ್ಲಾಸ್ಟಿಕ್ ಜಾಲರಿ ಇರುತ್ತೆ, ಕಸ ನಿಲ್ಲೋದು ಅದರಲ್ಲೇ. ನಿಧಾನಕ್ಕೆ ನೀರು ಸುರಿಯಿರಿ, ಇನ್ನೊಬ್ಬರು ಹಿಂದಿನ ಚಕ್ರದ ಮುಂದೆ ನೆಲ ನೋಡ್ತಿರಲಿ. ಕೆಲವೇ ಸೆಕೆಂಡಿನಲ್ಲಿ ಧಾರೆಯಾಗಿ ಬಿದ್ದರೆ ಸರಿ. ಹನಿಹನಿಯಾಗಿ ಬಿದ್ದರೆ ಅರ್ಧ ಕಟ್ಟಿದೆ. ಏನೂ ಬೀಳದಿದ್ದರೆ ಆ ನೀರು ಈಗ ಕಾರಿನ ಒಳಗೇ ಇದೆ, ಹಿಂದೆ ಬಿದ್ದ ಮಳೆಯೂ ಅಲ್ಲಿಗೇ ಹೋಗಿದೆ ಅಂತ ಲೆಕ್ಕ. ಎರಡೂ ಕಡೆ ಮಾಡಿ. ಒಂದು ಕಡೆ ಸರಿ ಇದ್ದು ಇನ್ನೊಂದು ಕಟ್ಟಿರೋದು ಮಾಮೂಲು. ಕಟ್ಟಿದ್ದನ್ನ ಬಿಡಿಸೋಕೆ ಹುಲ್ಲು ಕತ್ತರಿಸುವ ಟ್ರಿಮ್ಮರಿನ ಮೆತ್ತನೆಯ ಪ್ಲಾಸ್ಟಿಕ್ ದಾರ ಬಳಸಿ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದರೆ ಒಳಗೆ ಕೊಳವೆ ಕಳಚಿಕೊಳ್ಳುತ್ತೆ, ಆಗ ರೋಗಕ್ಕಿಂತ ಮದ್ದೇ ದುಬಾರಿ.

ಇದಾದ ಮೇಲೆ ಸೀಟಿನ ಹಿಂದಿನ ಕಾರ್ಪೆಟ್ ಮೇಲೆ ಪೇಪರ್ ಟವೆಲ್ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಒದ್ದೆಯಾಗುತ್ತಾ ನೋಡಿ. ಡಿಕ್ಕಿಯ ಕಾರ್ಪೆಟ್ ಎತ್ತಿ ತಳ ನೋಡಿ. ಒಳಗೆ ಏರ್ ಫ್ರೆಶ್‌ನರ್ ವಾಸನೆ ಜೋರಾಗಿ ಹೊಡೀತಿದ್ದರೆ ಬೂಷ್ಟು ಮುಚ್ಚಿಡೋಕೆ ಅಂತಲೇ ತಿಳ್ಕೊಳ್ಳಿ.

ತುಕ್ಕಿನ ವಿಷಯದಲ್ಲಿ ನಿಮ್ಮ ರಾಜ್ಯ ಬಹಳ ಕಷ್ಟದ್ದು. ಡೆಟ್ರಾಯಿಟ್ ನಗರದ ಕೆಳಗೇ ಸುಮಾರು 1,100 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ರಸ್ತೆಗೆ ಉಪ್ಪು ಹಾಕೋಕೆ ಯಾರೂ ಹಿಂದೆಮುಂದೆ ನೋಡೋದಿಲ್ಲ. ಮಿಶಿಗನ್‌ನಲ್ಲಿ ಗಾಡಿಗೆ ವರ್ಷವರ್ಷ ಕಡ್ಡಾಯ ಸುರಕ್ಷತಾ ತಪಾಸಣೆಯೂ ಇಲ್ಲ. ಹಾಗಾಗಿ ತಳ ಕೊಳೆತ ಕಾರೂ ನಂಬರ್ ಪ್ಲೇಟ್ ಹಾಕ್ಕೊಂಡು ಆರಾಮಾಗಿ ಓಡಾಡ್ತಿರುತ್ತೆ. ಹಿಂದಿನ ಚಕ್ರದ ಕಮಾನಿನ ಮುಂಭಾಗ, ಬಾಗಿಲ ಕೆಳಗಿನ ಕೊನೆಯ ಒಂದಡಿ, ಇಲ್ಲಿ ಬೆರಳ ಗೆಣ್ಣಿನಿಂದ ತಟ್ಟುತ್ತಾ ಬನ್ನಿ. ಠಣ್ ಅನ್ನೋ ಸದ್ದು ಒಂದು ಕಡೆ ದಪ್ ಅಂತ ಬದಲಾದರೆ ಅಲ್ಲಿ ಫಿಲ್ಲರ್, ಅಂದ್ರೆ ತೂತು ಮುಚ್ಚುವ ಪುಟ್ಟಿ ಮೆತ್ತಿದ್ದಾರೆ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಹಿಡಿದರೆ ಖಾತ್ರಿ: ಉಕ್ಕಿಗೆ ಅಂಟುತ್ತೆ, ಫಿಲ್ಲರ್‌ಗೆ ಅಂಟಲ್ಲ. ಇನ್ನು ಕೆಳಗೆ ಬ್ರೇಕ್ ಪೈಪ್ ಮತ್ತು ಹಿಂದಿನ ಸಬ್‌ಫ್ರೇಮ್, ಅಂದ್ರೆ ಹಿಂದಿನ ಸಸ್ಪೆನ್ಷನ್ ಹಿಡಿದಿರುವ ಚೌಕಟ್ಟು. ಇದಕ್ಕೆ ಕಾರನ್ನ ಲಿಫ್ಟ್ ಮೇಲೆ ಹತ್ತಿಸಲೇಬೇಕು. ಮಾರುವವರು ಲಿಫ್ಟ್‌ಗೆ ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಸಿ.

ಈಗ ಮಿಯಾಟಾದ ತಲೆಮಾರುಗಳು. ಮೊದಲನೆಯದು ಎನ್‌ಎ, 1989ರಲ್ಲಿ ಬಂದದ್ದು, ಮೇಲೇಳುವ ಹೆಡ್‌ಲೈಟಿನದು. ನೋಡೋಕೆ ಮುದ್ದು, ಆದರೆ ದಿನಾ ಫ್ರೀವೇಗೆ ನಾನು ಹೇಳೋದಿಲ್ಲ: ಗದ್ದಲ ಜಾಸ್ತಿ, ಆರಡಿಯವರ ತಲೆ ರೂಫಿಗೆ ತಾಗುತ್ತೆ, ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನ ಪ್ರತಿ ಸಲ ಜಿಪ್ ಬಿಚ್ಚಿ ಮಲಗಿಸದೆ ಮಡಚಿದರೆ ಬಿರುಕು ಬಿಡುತ್ತೆ. ತಗೊಳ್ಳಲೇಬೇಕು ಅಂತಿದ್ದರೆ 1990ರಿಂದ 1991ರ ಆರಂಭದವರೆಗಿನ 1.6 ಲೀಟರ್ ಕಾರುಗಳಲ್ಲಿ ಕ್ರ್ಯಾಂಕ್, ಅಂದ್ರೆ ಎಂಜಿನ್ನಿನ ಮುಖ್ಯ ತಿರುಗುವ ದಂಡದ ತುದಿಯ ಪುಲ್ಲಿಯನ್ನ ಮುಂದಿನಿಂದ ನೋಡಿ. ನಾಲ್ಕು ಸೀಳು ಇದ್ದರೆ ಗಿಡ್ಡ ಮೂಗಿನ ಕ್ರ್ಯಾಂಕ್. ಪುಲ್ಲಿಯನ್ನ ಅಲುಗದ ಹಾಗೆ ಹಿಡಿಯುವ ಅದರ ಲೋಹದ ಕೀಲಿ ಸವೆದು ಪುಲ್ಲಿ ಸಡಿಲ ಆಗೋ ರೋಗ ಇದೆ. ಎಂಟು ಸೀಳು ಇದ್ದರೆ ಚಿಂತೆಯಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಕಟಕ ಅನ್ನೋದು ವಾಲ್ವ್ ತಳ್ಳುವ ಹೈಡ್ರಾಲಿಕ್ ಲಿಫ್ಟರ್ ಸದ್ದು. ಬಿಸಿಯಾದ ಮೇಲೆ ನಿಂತರೆ ಅದಕ್ಕೆ ಹೆದರಬೇಕಾಗಿಲ್ಲ.

ಎರಡನೆಯದು ಎನ್‌ಬಿ, ಅಮೆರಿಕದಲ್ಲಿ 1999ರಿಂದ 2005ರ ಮಾಡೆಲ್. ಹಿಂದಿನ ಕಿಟಕಿ ಗಾಜಿನದು, ಹೀಟರ್ ತಂತಿಯೂ ಇದೆ. ಎನ್‌ಎ, ಎನ್‌ಬಿ ಎರಡಕ್ಕೂ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನ ಹೊತ್ತಿಗೆ ಸರಿಯಾಗಿ ಆಡಿಸುವ ರಬ್ಬರ್ ಪಟ್ಟಿ) ಇದೆ, 60 ಸಾವಿರ ಮೈಲಿಗೆ ಬದಲಿಸಬೇಕು. ವಾಟರ್ ಪಂಪನ್ನೂ ಜೊತೆಗೇ ಮಾಡಿಸಬೇಕು. ರಸೀದಿ ತೋರಿಸದಿದ್ದರೆ ಬದಲಿಸಿಲ್ಲ ಅಂತಲೇ ಹಿಡಿದು ಬೆಲೆ ಕಡಿಮೆ ಕೇಳಿ. ಗೇರ್ ಲಿವರ್ ಸುತ್ತ ಕಾಲಿಗೆ ಬಿಸಿಗಾಳಿ ಬರ್ತಿದ್ದರೆ ಒಳಗಿನ ರಬ್ಬರ್ ಬೂಟ್ ಹರಿದಿದೆ. ಕ್ಲಚ್ ಪೆಡಲ್ ಕೆಳಗೇ ಉಳಿದರೆ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನಿಂದ ಆಯಿಲ್ ಸೋರುತ್ತಿದೆ. ಎರಡೂ ಅಗ್ಗದ ಕೆಲಸ, ಇದಕ್ಕಾಗಿ ಒಳ್ಳೆ ಕಾರು ಬಿಡಬೇಡಿ.

ಎನ್‌ಸಿ ಅಮೆರಿಕಕ್ಕೆ 2006ರ ಮಾಡೆಲ್ ಆಗಿ ಬಂತು, 2 ಲೀಟರ್ ಎಂಜಿನ್. ಅಭಿಮಾನಿಗಳು ಇದನ್ನ ದಪ್ಪ ಅಂತ ಆಡಿಕೊಳ್ತಾರೆ, ಬೆಲೆ ಕೆಳಗಿರೋಕೆ ಅದೂ ಒಂದು ಕಾರಣ, ಲಾಭ ನಿಮಗೆ. ಎತ್ತರದವರಿಗೆ ನಾಲ್ಕೂ ತಲೆಮಾರಿನಲ್ಲಿ ಇದೇ ಹೆಚ್ಚು ಜಾಗ ಕೊಡೋದು. ಸ್ಟಿಯರಿಂಗ್ ಮಾತ್ರ ಮೇಲೆ ಕೆಳಗೆ ಸರಿಯುತ್ತೆ, ಹಿಂದೆ ಮುಂದೆ ಸರಿಯಲ್ಲ. ಇಪ್ಪತ್ತು ನಿಮಿಷ ಕೂತು ನೋಡಿ. ಟೈಮಿಂಗ್ ಚೈನ್ ಇದೆ, ಬೆಲ್ಟ್ ತಲೆನೋವಿಲ್ಲ. 2009ರ ಬದಲಾವಣೆಯಲ್ಲಿ ಎಂಜಿನ್‌ಗೆ ಫೋರ್ಜ್ಡ್, ಅಂದ್ರೆ ಬಡಿದು ಮಾಡಿದ ಗಟ್ಟಿ ಕ್ರ್ಯಾಂಕ್‌ಶಾಫ್ಟ್ ಬಂತು, ಆ ವರ್ಷದಿಂದ ಈಚೆಗೆ ಅಂತ ನಾನು ಹೇಳಿದ್ದು ಅದಕ್ಕೆ.

ಇದರ ದೌರ್ಬಲ್ಯ ಎರಡು. ಒಂದು, ಕೆಲವು ಕಾರುಗಳ ಎಂಜಿನ್ ಆಯಿಲ್ ಕುಡಿಯುತ್ತೆ. ಮಾಲೀಕ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ನೋಡದೆ ಮುಂದಿನ ಸರ್ವಿಸ್‌ವರೆಗೆ ಓಡಿಸಿದರೆ ಬೇರಿಂಗ್ ಹೋಗುತ್ತೆ. ನೀವು ಹೋದಾಗ ಎಂಜಿನ್ ತಣ್ಣಗಿರಬೇಕು, ಸಮತಟ್ಟು ನೆಲದಲ್ಲಿ ನಿಮ್ಮ ಕೈಯಾರೆ ಡಿಪ್‌ಸ್ಟಿಕ್ ಎಳೆಯಿರಿ. ಮಟ್ಟ ಕೆಳಗಿನ ಗುರುತಿಗಿಂತ ಕೆಳಗಿದ್ದರೆ, ಬೇರೆ ಎಷ್ಟೇ ಚೆನ್ನಾಗಿದ್ದರೂ ಆ ಕಾರು ಬೇಡ. ಎರಡು, ಕೂಲಂಟ್‌ನ ಪ್ಲಾಸ್ಟಿಕ್ ಟ್ಯಾಂಕ್. ಅದು ಒತ್ತಡದಲ್ಲಿ ಕೆಲಸ ಮಾಡೋದು, ಹಳದಿಯಾಗಿ ಅಂಚಿನಲ್ಲಿ ಸೀಳುತ್ತೆ. ಟ್ಯಾಂಕ್ ಸುತ್ತ ಒಣಗಿದ ಬಿಳಿ ಕಲೆ ಕಂಡರೆ ಬದಲಿಸಿಬಿಡಿ. ಭಾಗ ಅಗ್ಗ, ಅದು ದಾರಿಯಲ್ಲಿ ಒಡೆದರೆ ಎಂಜಿನ್ ಬೇಯುತ್ತೆ.

ಎನ್‌ಸಿಯಲ್ಲಿ ಬಟ್ಟೆ ರೂಫಿನ ಕಾರಲ್ಲದೆ, ಮೋಟಾರಿನಿಂದ ಮಡಚುವ ಗಟ್ಟಿ ರೂಫಿನ ಇನ್ನೊಂದು ಮಾಡೆಲೂ ಇದೆ. 12 ಸೆಕೆಂಡಿನಲ್ಲಿ ಮಡಚುತ್ತೆ, ಡಿಕ್ಕಿ ಜಾಗ ತಿನ್ನಲ್ಲ. ಅರ್ಧ ದಾರಿ ಫ್ರೀವೇ ಆದ್ದರಿಂದ ನಿಮಗೆ ಇದೇ ಸರಿ: ಮುಚ್ಚಿದಾಗ ಗದ್ದಲ ಗಮನಿಸುವಷ್ಟು ಕಡಿಮೆ, ಪಾರ್ಕಿಂಗ್‌ನಲ್ಲಿ ಚಾಕು ಹಾಕಿ ರೂಫ್ ಹರಿಯೋರ ಭಯವೂ ಇಲ್ಲ. ಟೆಸ್ಟ್ ಡ್ರೈವಿನಲ್ಲಿ ಮೂರು ಸಲ ತೆಗೆದು ಹಾಕಿಸಿ, ಒಂದು ಸಲ ಅಲ್ಲ. ಬಿಸಿಯಾದ ಮೇಲೆ ತಡವರಿಸೋದು ಎರಡನೇ ಮೂರನೇ ಸಲಕ್ಕೆ ಗೊತ್ತಾಗೋದು. ಬಟ್ಟೆ ರೂಫ್ ಆದರೆ ಕಿಟಕಿಯ ಮೇಲೆ ಮಡಿಕೆ ಬೀಳುವ ಜಾಗಕ್ಕೆ ಒಳಗಿನಿಂದ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಚೌಕಟ್ಟು ಉಜ್ಜಿ ಉಜ್ಜಿ ಆಗುವ ಸಾಸಿವೆ ಗಾತ್ರದ ತೂತು ಮೊದಲು ಬೀಳೋದು ಅಲ್ಲೇ.

ನಾಲ್ಕನೆಯದು ಎನ್‌ಡಿ, 2016ರ ಮಾಡೆಲ್‌ನಿಂದ. ಓಡಿಸೋಕೆ ಎಲ್ಲಕ್ಕಿಂತ ಚೂಟಿ, ಹಗುರ. ಆರನೇ ಗೇರಿನಲ್ಲಿ 70 ಮೈಲಿ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುತ್ತೆ. ಆರು ಗೇರಿನ ಎನ್‌ಸಿ ಅದೇ ವೇಗಕ್ಕೆ ಸುಮಾರು 3,300 ಕೇಳುತ್ತೆ. ದಿನಾ 50 ಮೈಲಿಗೆ ಈ ವ್ಯತ್ಯಾಸ ಕಿವಿಗೆ ತಿಳಿಯುತ್ತೆ. ಆದರೆ ನಿಮ್ಮ ಬಜೆಟ್‌ಗೆ ಸಿಗೋದು ಮೊದಲ ವರ್ಷಗಳ ಜಾಸ್ತಿ ಓಡಿದ ಕಾರು, ಅವುಗಳ ಮ್ಯಾನುಯಲ್ ಗೇರ್‌ಬಾಕ್ಸೇ ಮೆತ್ತಗಿನ ಜಾಗ. ಎರಡು, ಮೂರನೇ ಗೇರಿನಲ್ಲಿ ಕಿಟಕಿ ಮುಚ್ಚಿ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿ. ಕಾಲಿಗೆ ತಕ್ಕ ಹಾಗೆ ಏರಿಳಿಯುವ ಕುಯ್ ಸದ್ದು ಬಂದರೆ ವಾಪಸ್ ಬನ್ನಿ. ಹೊಸ ಗೇರ್‌ಬಾಕ್ಸ್ ಹಾಕಿಸಿದ ದಾಖಲೆ ಇದ್ದರೆ ಅದು ಕಳಂಕವಲ್ಲ, ಒಳ್ಳೇದೇ. ಹಿಂದೆ ಮುಂದೆ ಸರಿಯುವ ಸ್ಟಿಯರಿಂಗ್ ಬಂದದ್ದು 2019ರಲ್ಲಿ.

ಉಳಿದ ಮೂರು ಬೇಗ ಮುಗಿಸ್ತೀನಿ. ಬಾಕ್‌ಸ್ಟರ್‌ನ 2008ರವರೆಗಿನ ಕಾರುಗಳಲ್ಲಿ ಎಂಜಿನ್ ಒಳಗಿನ ನಡುವಿನ ದಂಡವನ್ನ ಹಿಡಿಯುವ ಐಎಂಎಸ್ ಬೇರಿಂಗ್ ಅಂತ ಒಂದಿದೆ, ಒಡೆದರೆ ಎಂಜಿನ್ನೇ ಹೋಗುತ್ತೆ. ಸುಮಾರು 2000ದಿಂದ 2005ರವರೆಗಿನ ಒಂಟಿ ಸಾಲಿನ ಬೇರಿಂಗ್ ಹೆಚ್ಚು ಅಪಾಯದ್ದು. 2009ರಿಂದ ಹೊಸ ಎಂಜಿನ್, ಆ ಬೇರಿಂಗೇ ಇಲ್ಲ, ಆದರೆ ನಿಮ್ಮ ಬಜೆಟ್‌ಗೆ ಕಷ್ಟ. ಹಳೇದು ನೋಡೋದಾದರೆ ಆಯಿಲ್ ಫಿಲ್ಟರ್ ಬಿಚ್ಚಿಸಿ, ಕಾಗದದ ಮಡಿಕೆ ಬಿಡಿಸಿ, ಅಯಸ್ಕಾಂತಕ್ಕೆ ಅಂಟುವ ಹೊಳೆಯುವ ಚೂರು ಇದೆಯಾ ನೋಡಿ. ಮೊದಲ ತಲೆಮಾರಿನದರಲ್ಲಿ ಲಾಕ್ ಮತ್ತು ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಪೆಟ್ಟಿಗೆ ಚಾಲಕನ ಸೀಟಿನ ಕೆಳಗೇ ಇದೆ. ಡ್ರೈನ್ ಕಟ್ಟಿ ಅಲ್ಲಿ ನೀರು ನಿಂತರೆ ಕಾರು ಸ್ಟಾರ್ಟೇ ಆಗಲ್ಲ. ಬಿಎಂಡಬ್ಲ್ಯೂ ಜೆಡ್4ನ ಮೊದಲ ತಲೆಮಾರಿನಲ್ಲಿ ರೂಫ್ ಎತ್ತುವ ಹೈಡ್ರಾಲಿಕ್ ಮೋಟಾರನ್ನ ಎಡ ಹಿಂಬದಿಯ ನೀರಿಳಿಯುವ ಗುಂಡಿಯಲ್ಲೇ ಕೂರಿಸಿದ್ದಾರೆ. ಯಾವ ಪುಣ್ಯಾತ್ಮನ ಐಡಿಯಾನೋ! ಡ್ರೈನ್ ಕಟ್ಟಿದ ದಿನ ಮೋಟಾರು ಮುಳುಗುತ್ತೆ. ರೂಫ್ ನಿಧಾನ ಆಗಿದ್ದರೆ ಅದೇ ಮುನ್ಸೂಚನೆ. ಇದನ್ನ ಬಿಟ್ಟರೆ ಆರು ಸಿಲಿಂಡರ್ ಎಂಜಿನ್ ಫ್ರೀವೇಗೆ ಹೇಳಿ ಮಾಡಿಸಿದ ಹಾಗಿದೆ, ಎನ್‌ಸಿ ಇಷ್ಟವಾಗದಿದ್ದರೆ ನನ್ನ ಎರಡನೇ ಆಯ್ಕೆ ಇದೇ. ಹೋಂಡಾ ಎಸ್2000 ನಿಂತದ್ದು 2009ರಲ್ಲಿ. ಈಗ ಸಂಗ್ರಹಕಾರರ ಕೈಗೆ ಹೋಗಿದೆ, ಒಳ್ಳೇದು 15 ಸಾವಿರಕ್ಕೆ ಸಿಗಲ್ಲ, ಸಿಕ್ಕಿದ್ದು ಒಳ್ಳೇದಾಗಿರಲ್ಲ.

ಟೈರ್ ಪಕ್ಕದಲ್ಲಿ DOT ಅಂತ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ: 2317 ಅಂದ್ರೆ 2017ರ 23ನೇ ವಾರ. ಇಂಥ ಕಾರು ವರ್ಷಕ್ಕೆ ಕೆಲವೇ ಸಾವಿರ ಮೈಲಿ ಓಡಿರುತ್ತೆ, ಗೆರೆ ಆಳ ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತೆ, ಮಳೆಯಲ್ಲಿ ಜಾರುತ್ತೆ. ಆರು ವರ್ಷ ದಾಟಿದ್ದರೆ ನಾಲ್ಕು ಟೈರಿನ ಖರ್ಚು ಬೆಲೆಯಲ್ಲಿ ಕಳೆಯಿರಿ. ಎನ್‌ಸಿ, ಎನ್‌ಡಿ ಎರಡರಲ್ಲೂ ಸ್ಟೆಪ್ನಿ ಇಲ್ಲ, ಸೀಲಂಟ್ ಬಾಟಲ್ ಮತ್ತು ಪಂಪ್ ಮಾತ್ರ. ಬಾಟಲ್‌ಗೂ ಎಕ್ಸ್‌ಪೈರಿ ತಾರೀಕಿದೆ. ಎಸಿ ಚೆನ್ನಾಗಿ ತಣ್ಣಗಾಗುತ್ತಾ ಅಂತ ಮರೀದೆ ನೋಡಿ: ಜುಲೈ ಮಧ್ಯಾಹ್ನ ಟ್ರಾಫಿಕ್‌ನಲ್ಲಿ ರೂಫ್ ಮುಚ್ಚಿ ಎಸಿ ಹಾಕ್ಕೊಳ್ಳೋದೇ ಹೆಚ್ಚು.

ತಗೊಂಡ ಮೇಲೆ ಒದ್ದೆ ರೂಫ್ ಮಡಚಿ ಇಡಬೇಡಿ, ಪ್ರೆಷರ್ ವಾಷರ್ ಹತ್ತಿರಕ್ಕೂ ತರಬೇಡಿ, ವರ್ಷಕ್ಕೆ ಎರಡು ಸಲ ಡ್ರೈನ್‌ಗೆ ಆ ಅರ್ಧ ಲೀಟರ್ ನೀರು ಹಾಕಿ ನೋಡಿ. ಅಕ್ಟೋಬರ್‌ನಲ್ಲಿ ರಸ್ತೆಗೆ ಉಪ್ಪು ಬೀಳೋ ಮೊದಲು ತಳ ತೊಳೆದು, ಟ್ಯಾಂಕ್ ತುಂಬಿಸಿ ಪೆಟ್ರೋಲ್ ಕೆಡದ ಹಾಗೆ ಸ್ಟೆಬಿಲೈಸರ್ ಹಾಕಿ, ಬ್ಯಾಟರಿ ಇಳಿಯದ ಹಾಗೆ ಮೇಂಟೇನರ್ ಜೋಡಿಸಿ, ರೂಫ್ ಮುಚ್ಚಿಯೇ ನಿಲ್ಲಿಸಿ. ತಿಂಗಳುಗಟ್ಟಲೆ ಮಡಚಿಟ್ಟ ಬಟ್ಟೆಯ ಗೆರೆ ಹೋಗಲ್ಲ.

ಬೆಂಗಳೂರಿಗೆ ತರೋ ಯೋಚನೆ ಮಾತ್ರ ಬಿಡಿ. ಭಾರತಕ್ಕೆ ಬಳಸಿದ ಕಾರು ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ನೀವು ಕೊಳ್ಳೋ ಕಾರು ಎರಡಕ್ಕೂ ಆಗಿಬರಲ್ಲ. ವಾಪಸ್ ಹೋಗೋ ವರ್ಷ ಏಪ್ರಿಲ್ ಕೊನೆಯಲ್ಲಿ ಮಿಶಿಗನ್‌ನಲ್ಲೇ ಮಾರಿ. ಆಗ ಕೊಳ್ಳೋರು ಜಾಸ್ತಿ. ಅದೇ ಲೆಕ್ಕದಲ್ಲಿ, ನೀವು ಕೊಳ್ಳೋದಾದರೆ ನವೆಂಬರ್‌ನಲ್ಲಿ ಹುಡುಕಿ.