ಪೇರೋಲ್‌ನಲ್ಲಿ 9 ಜನ, ಕಾಂಟ್ರಾಕ್ಟರ್ ಕಡೆಯಿಂದ 5 ಜನ: ಇಎಸ್‌ಐ ಬೇಕಾ? ಹೊಸ ಕಾರ್ಮಿಕ ಕಾನೂನು ಬಂದ ಮೇಲೆ ಎಲ್ಲಿಂದ ಶುರು ಮಾಡಲಿ?

ನೀವು ಬರೆದಿರುವುದು ಇಷ್ಟು: ಪೀಣ್ಯದಲ್ಲಿ ಫ್ಯಾಬ್ರಿಕೇಶನ್ ಯೂನಿಟ್. ನಿಮ್ಮ ಪೇರೋಲ್‌ನಲ್ಲಿ 9 ಜನ, ಕಾಂಟ್ರಾಕ್ಟರ್ ಕಳಿಸಿದ ಹೆಲ್ಪರ್‌ಗಳು 5 ಜನ. ಎರಡು ವರ್ಷದಿಂದ ಹೀಗೇ ನಡೆಯುತ್ತಿದೆ. ಪಿಎಫ್ ಇಲ್ಲ, ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಇಲ್ಲ. 'ನಮ್ಮಲ್ಲಿ ಹತ್ತು ಜನ ಇಲ್ಲವಲ್ಲ' ಎಂದು ಸುಮ್ಮನಿದ್ದಿರಿ. ಹುಡುಗರೂ 'ಹಿಡಿಯಬೇಡಿ ಸಾರ್, ಪೂರ್ತಿ ಕೈಗೆ ಕೊಡಿ' ಅಂತಾರೆ. ಈಗ ಹೊಸ ಲೇಬರ್ ಕೋಡ್ ಬಂದಿದೆ ಎಂದು ಕೇಳಿ ಗಾಬರಿಯಾಗಿದೆ.

ನಾನು 17 ವರ್ಷದಿಂದ ಬೆಂಗಳೂರಿನ ಸಣ್ಣ ಯೂನಿಟ್‌ಗಳ ಸಂಬಳ, ಚಲನ್, ರಿಜಿಸ್ಟರ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ನನ್ನ ಮಾತು ಕೇಳುವುದಾದರೆ ಹೊಸ ಕೋಡ್‌ಗಳನ್ನು ಸ್ವಲ್ಪ ಆಮೇಲೆ ನೋಡೋಣ. ನಿಮಗೆ ಅರ್ಜೆಂಟ್ ಇರುವುದು ಇಎಸ್‌ಐ. ಅದು ಹೊಸ ಕಾನೂನಿನಿಂದ ಬಂದ ಕೆಲಸವಲ್ಲ, ಎರಡು ವರ್ಷದ ಹಿಂದೆಯೇ ಆಗಬೇಕಿತ್ತು.

ನಿಮ್ಮ ಲೆಕ್ಕ ತಪ್ಪಿದ್ದು ಎಲ್ಲಿ ಅಂದರೆ, ಇಎಸ್‌ಐ ನೋಡುವುದು ನಿಮ್ಮ ಪೇರೋಲ್ ಅಲ್ಲ. ಶೆಡ್ ಒಳಗೆ ನಿಮ್ಮ ಕೆಲಸ ಮಾಡುವ ತಲೆಗಳನ್ನು. ಕಾಂಟ್ರಾಕ್ಟರ್ ಹುಡುಗರೂ ಸೇರುತ್ತಾರೆ, ಕ್ಯಾಶ್‌ನಲ್ಲಿ ಸಂಬಳ ತಗೊಳ್ಳುವವರೂ ಸೇರುತ್ತಾರೆ. ಹಾಗಾಗಿ ನಿಮ್ಮದು 14. ಹತ್ತು ಜನ ಆದ ದಿನದಿಂದ 15 ದಿನದೊಳಗೆ ರಿಜಿಸ್ಟರ್ ಮಾಡಿಸಬೇಕಿತ್ತು. ಒಮ್ಮೆ ವ್ಯಾಪ್ತಿಗೆ ಬಂದ ಮೇಲೆ ನಾಳೆ ಎಂಟು ಜನಕ್ಕೆ ಇಳಿದರೂ ಹೊರಗೆ ಬರಲು ಆಗುವುದಿಲ್ಲ.

ಪಿಎಫ್‌ಗೆ 20 ಜನ ಆಗಬೇಕು, ಅದು ಸದ್ಯಕ್ಕೆ ನಿಮಗೆ ಕಡ್ಡಾಯವಲ್ಲ. ಕರ್ನಾಟಕದ ವೃತ್ತಿ ತೆರಿಗೆ ತಿಂಗಳಿಗೆ 25,000 ರೂಪಾಯಿ ಅಥವಾ ಜಾಸ್ತಿ ಸಂಬಳ ಇರುವವರಿಗೆ ಮಾತ್ರ. ಇವೆರಡನ್ನು ಪಕ್ಕಕ್ಕಿಡಿ.

ಹುಡುಗರು ಬೇಡ ಅಂದರೆ ಬಿಡಬಹುದಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ ಇರಲೇಬೇಕು, ಕೆಲಸಗಾರ ಬರೆದುಕೊಟ್ಟರೂ ಆ ಕಾಗದಕ್ಕೆ ಬೆಲೆ ಇಲ್ಲ. ಆದರೆ ಅವರಿಗೆ ಲೆಕ್ಕ ತೋರಿಸಿ ಹೇಳಿ. 18,000 ಸಂಬಳದವನಿಗೆ ಹಿಡಿಯುವುದು 0.75%, ಅಂದರೆ 135 ರೂಪಾಯಿ. ನೀವು ಕೈಯಿಂದ ಹಾಕುವುದು 3.25%, 585 ರೂಪಾಯಿ. ಆ 135ಕ್ಕೆ ಅವನಿಗೂ ಮನೆಯವರಿಗೂ ಚಿಕಿತ್ಸೆ. ಕಾಯಿಲೆ ಬಿದ್ದರೆ, ಅದಕ್ಕೆ ಬೇಕಾದಷ್ಟು ದಿನ ಇಎಸ್‌ಐ ಕಟ್ಟಿದ್ದರೆ, ವರ್ಷಕ್ಕೆ 91 ದಿನದವರೆಗೆ 70% ಸಂಬಳ. ಕೆಲಸದಲ್ಲಿ ಗಾಯವಾದರೆ ವಾಸಿಯಾಗುವವರೆಗೆ 90%, ಅದಕ್ಕೆ ಇಷ್ಟು ದಿನ ಕಟ್ಟಿರಬೇಕು ಎಂಬ ಷರತ್ತೂ ಇಲ್ಲ. ಸೇರಿದ ಮೊದಲ ದಿನವೇ ಗಾಯವಾದರೂ ಸಿಗುತ್ತದೆ. ಎಲ್ಲರದ್ದೂ 18,000 ಅಂದುಕೊಂಡರೆ 14 ಜನಕ್ಕೆ ನಿಮ್ಮ ಪಾಲು ತಿಂಗಳಿಗೆ 8,190 ರೂಪಾಯಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ಪ್ರೆಸ್ ಶಾಪ್ ಓನರ್ ಸಂಜೆ ಏಳು ಗಂಟೆಗೆ ಫೋನ್ ಮಾಡಿದರು. ಹೆಲ್ಪರ್ ಹುಡುಗ, ಸೇರಿ ನಾಲ್ಕು ತಿಂಗಳು. ಪವರ್ ಪ್ರೆಸ್‌ನಲ್ಲಿ ಸಿಕ್ಕಿದ್ದ ಪೀಸ್ ತೆಗೆಯಲು ಕೈ ಹಾಕಿದ್ದಾನೆ, ಎರಡು ಬೆರಳಿನ ತುದಿ ಹೋಗಿದೆ. ನಾನು ಆಸ್ಪತ್ರೆಗೆ ಹೋದಾಗ ಓನರ್ ಕಾರಿಡಾರ್‌ನಲ್ಲಿ ನಿಂತಿದ್ದರು, ಶರ್ಟಿನ ತೋಳಿಗೆಲ್ಲ ರಕ್ತ. ಒಳ್ಳೆಯ ಮನುಷ್ಯ. ಯಾರನ್ನೂ ಕಾಯದೆ ತಾವೇ ಹುಡುಗನನ್ನು ಕಾರಿನಲ್ಲಿ ಕರೆತಂದಿದ್ದರು. ಆದರೆ ಇಎಸ್‌ಐ ಇರಲಿಲ್ಲ. ಅವರ ಲೆಕ್ಕದಲ್ಲಿ 8 ಜನ, ಕಾಂಟ್ರಾಕ್ಟರ್‌ನ 3 ಜನರನ್ನು ಬಿಟ್ಟಿದ್ದರು. ಆಪರೇಷನ್ ಬಿಲ್ ಅವರ ಕೈಯಿಂದ ಹೋಯಿತು, ಆಮೇಲೆ ಪರಿಹಾರದ ಕೇಸು. ಹುಡುಗನ ಅಪ್ಪ ಊರಿನಿಂದ ಬಂದು ಆಫೀಸಿನ ಬಾಗಿಲಲ್ಲಿ ಕೂತಿದ್ದು ಇನ್ನೂ ಕಣ್ಣ ಮುಂದೆ ಇದೆ. ಇಎಸ್‌ಐ ಕಟ್ಟುತ್ತಿದ್ದರೆ ಚಿಕಿತ್ಸೆ, ಪರಿಹಾರ ಎರಡೂ ಇಎಸ್‌ಐ ಕಡೆಯಿಂದಲೇ ಬರುತ್ತಿತ್ತು. ವಿಮೆಯಿರುವ ಕೆಲಸಗಾರ ಅದೇ ಗಾಯಕ್ಕೆ ಮಾಲೀಕರಿಂದ ಬೇರೆ ಪರಿಹಾರ ಕೇಳುವಂತಿಲ್ಲ, ಆಗಿನ ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಹೇಳಿದ್ದು ಇದೇ. ಇದು ಕೆಲಸಗಾರನಿಗೆ ಎಷ್ಟು ಆಸರೆಯೋ ನಿಮಗೂ ಅಷ್ಟೇ ಆಸರೆ.

ಈಗ ಕಹಿ ವಿಷಯ. ಹಿಂದಿನ ಎರಡು ವರ್ಷದ ಬಾಕಿ ನಿಮ್ಮ ಮೇಲೆ ಬರುತ್ತದೆ, ವರ್ಷಕ್ಕೆ 12% ಬಡ್ಡಿ ಸೇರಿ. ಹುಡುಗರ 0.75% ಪಾಲನ್ನೂ ನೀವೇ ಕಟ್ಟಬೇಕು. ಆಯಾ ತಿಂಗಳ ಪಾಲನ್ನು ಆಯಾ ತಿಂಗಳ ಸಂಬಳದಲ್ಲೇ ಹಿಡಿಯಬೇಕು, ಹಳೆಯದನ್ನು ಈಗಿನ ಸಂಬಳದಲ್ಲಿ ಮುರಿಯುವಂತಿಲ್ಲ. ಕಾಂಟ್ರಾಕ್ಟರ್ ಹುಡುಗರದ್ದೂ ಮೊದಲು ನಿಮ್ಮ ಹೊಣೆ, ಆಮೇಲೆ ಅವನ ಬಿಲ್‌ನಲ್ಲಿ ಮುರಿದುಕೊಳ್ಳಬಹುದು. 'ಎಲ್ಲರೂ ಈ ತಿಂಗಳು ಸೇರಿದರು ಅಂತ ತೋರಿಸಿ' ಎನ್ನುವ ಏಜೆಂಟ್‌ಗಳು ಸಿಗುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ಅದು ಸುಳ್ಳು ದಾಖಲೆ. ಜೊತೆಗೆ ನಿಮ್ಮ ಲೆಡ್ಜರ್ ಬೇರೆ ಕತೆ ಹೇಳುತ್ತದೆ. ಇನ್‌ಸ್ಪೆಕ್ಷನ್‌ಗೆ ಬಂದವರು ಹಾಜರಿ ಪುಸ್ತಕ ಮಾತ್ರ ನೋಡಿ ಸುಮ್ಮನಾಗುವುದಿಲ್ಲ. ರಿಪೇರಿ, ಲೋಡಿಂಗ್, ಪೇಂಟಿಂಗ್ ಎಂದು ಬರೆದ ಖಾತೆಗಳನ್ನು ತೆಗೆಸುತ್ತಾರೆ. ಬಿಲ್ ಇಲ್ಲದೆ ಬರೀ ವೋಚರ್ ಮೇಲೆ ಕೂಲಿ ಕೊಟ್ಟಿದ್ದರೆ ಆ ಮೊತ್ತಕ್ಕೂ ಇಎಸ್‌ಐ ಹಾಕುತ್ತಾರೆ. ಅದಕ್ಕೇ ಇನ್ನು ಮುಂದೆ ವೆಲ್ಡಿಂಗ್ ಕೆಲಸಕ್ಕೆ ಹೊರಗಿನವರನ್ನು ಕರೆದರೂ ಸಾಮಾನು ಬೇರೆ, ಕೂಲಿ ಬೇರೆ ಎಂದು ಬಿಡಿಸಿದ ಬಿಲ್ ತಗೊಳ್ಳಿ.

ಹೊಸ ಕೋಡ್‌ಗಳ ವಿಷಯಕ್ಕೆ ಬರೋಣ. 29 ಹಳೆಯ ಕಾಯ್ದೆಗಳನ್ನು ಸೇರಿಸಿ ಮಾಡಿದ ನಾಲ್ಕು ಕೋಡ್‌ಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ನಿಮ್ಮ ಯೂನಿಟ್ ಮಟ್ಟಿಗೆ ಮುಖ್ಯವಾದದ್ದು 'ಸಂಬಳ' ಅಂದರೆ ಏನು ಎಂಬ ಲೆಕ್ಕ. ಉದಾಹರಣೆಗೆ ಒಬ್ಬ ಸೂಪರ್‌ವೈಸರ್‌ಗೆ 40,000 ಕೊಡುತ್ತೀರಿ, ಬೇಸಿಕ್ 14,000, ಉಳಿದ 26,000 ಭತ್ಯೆ ಎಂದಿಟ್ಟುಕೊಳ್ಳಿ. ಇನ್ನು ಮುಂದೆ ಹೀಗೆ ಸಂಬಳದ ಲೆಕ್ಕದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟುವಂತಿಲ್ಲ. ದಾಟಿದ 6,000 ಸಂಬಳಕ್ಕೆ ಸೇರುತ್ತದೆ, 20,000 ಆಗುತ್ತದೆ. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಇದರ ಮೇಲೇ ಲೆಕ್ಕ. ಹತ್ತು ವರ್ಷ ದುಡಿದವರಿಗೆ 14,000ದ ಮೇಲೆ ಸುಮಾರು 80,769 ರೂಪಾಯಿ ಬರುತ್ತಿತ್ತು, 20,000ದ ಮೇಲೆ 1,15,385. ಹತ್ತು ಜನ ಇದ್ದ ಕಡೆ ಗ್ರಾಚ್ಯುಟಿ ಇದೆ, ಹಾಗಾಗಿ ನಿಮಗೂ ಇದೆ. ಅವಧಿ ಬರೆದು ಒಪ್ಪಂದದ ಮೇಲೆ ತಗೊಂಡವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು.

ಎಲ್ಲರಿಗೂ ನೇಮಕಾತಿ ಪತ್ರ ಕೊಡಿ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಆಗಲಿ. ಕೆಲಸ ಬಿಟ್ಟವರ ಸಂಬಳದ ಲೆಕ್ಕ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. 'ಮುಂದಿನ ತಿಂಗಳು ಬಾ' ಎನ್ನುವ ರೂಢಿ ನಮ್ಮಲ್ಲಿ ಜಾಸ್ತಿ, ಅಲ್ವಾ? ಅದನ್ನು ಈಗಲೇ ಬಿಟ್ಟುಬಿಡಿ. ಹತ್ತು ಜನ ದಾಟಿದ್ದರಿಂದ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಆಂತರಿಕ ಸಮಿತಿಯೂ ಬೇಕು. ಅಧ್ಯಕ್ಷೆ ಹೆಂಗಸೇ ಇರಬೇಕು, ಹೊರಗಿನವರು ಒಬ್ಬರು ಇರಬೇಕು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ.

ಒಂದು ವಿಷಯದಲ್ಲಿ ಮಾತ್ರ ನಾನು ಕಠಿಣ. ಸಂಬಳದಲ್ಲಿ ಹಿಡಿದ ಹಣ ನಿಮ್ಮದಲ್ಲ. ಪಾರ್ಟಿ ಪೇಮೆಂಟ್ ಬರಲಿಲ್ಲ ಎಂದು ಅದನ್ನು ಸ್ಟೀಲ್ ಬಿಲ್‌ಗೆ ಕಟ್ಟಬೇಡಿ. ಮುಂದಿನ ತಿಂಗಳ 15ನೇ ತಾರೀಖು ಇಎಸ್‌ಐ ಚಲನ್‌ಗೆ ಕೊನೆ ದಿನ.  ತಡವಾಗಿ ಕಟ್ಟಿದ ಕೆಲಸಗಾರರ ಪಾಲಿಗೆ ಆಗಿನ ಆದಾಯ ತೆರಿಗೆ ಕಾನೂನಿನಲ್ಲಿ ಖರ್ಚಿನ ವಿನಾಯಿತಿ ಇಲ್ಲ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿತ್ತು.

ಈ ವಾರವೇ ಹುಡುಗರ ಆಧಾರ್, ಬ್ಯಾಂಕ್ ವಿವರ, ಮನೆಯವರ ವಿವರ ತರಿಸಿ. ಇಎಸ್‌ಐ ಪೋರ್ಟಲ್‌ನಲ್ಲಿ ಅವರ ಹೆಸರು ಸೇರಿಸುವಾಗ ಡಿಸ್ಪೆನ್ಸರಿ ಯಾವುದು ಎಂದು ಕೇಳುತ್ತದೆ. ತುಂಬಾ ಜನ ಯೋಚಿಸದೆ ಫ್ಯಾಕ್ಟರಿ ಹತ್ತಿರದ್ದನ್ನೇ ಎಲ್ಲರಿಗೂ ಹಾಕಿಬಿಡುತ್ತಾರೆ. ಹಾಗೆ ಮಾಡಬೇಡಿ. ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ನೀನು ಎಲ್ಲಿ ಇರೋದು, ಹೆಂಡತಿ ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿ. ಮನೆಯವರು ಊರಲ್ಲಿದ್ದರೆ ಅವರಿಗೆ ಅಲ್ಲಿಯ ಡಿಸ್ಪೆನ್ಸರಿಯನ್ನೇ ಬೇರೆಯಾಗಿ ಹಾಕಬಹುದು.