ಗೆರಟೆ ಇದ್ದಿಲು ಪ್ಲಾಟಿನಂ ಕೆಲಸ ಮಾಡುತ್ತಾ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ತೋಟ. ಕೊಬ್ಬರಿ ತೆಗೆದ ಮೇಲೆ ಗೆರಟೆ ರಾಶಿ ಬೀಳುತ್ತದೆ, ಅರ್ಧ ಬಚ್ಚಲೊಲೆಗೇ ಹೋಗುತ್ತದೆ. ಪ್ಲಸ್ ಟು ಓದುವ ಮಗಳು "ಅಪ್ಪಾ, ಇದರ ಇದ್ದಿಲನ್ನು ಫ್ಯೂಯಲ್ ಸೆಲ್‌ಗೆ ಪ್ಲಾಟಿನಂ ಬದಲು ಹಾಕ್ತಾರಂತೆ" ಅನ್ನುತ್ತಾಳೆ. ನಿಜವಾ?
– ಒಬ್ಬ ಓದುಗರು, ಬದಿಯಡ್ಕ

ಉತ್ತರ: ಅರ್ಧ ನಿಜ. ಉಳಿದರ್ಧದಲ್ಲೇ ತಮಾಷೆ ಇರುವುದು.

ಫ್ಯೂಯಲ್ ಸೆಲ್ ಅಂದರೆ ಒಂದು ಕಡೆಯಿಂದ ಹೈಡ್ರೋಜನ್, ಇನ್ನೊಂದು ಕಡೆಯಿಂದ ಗಾಳಿಯ ಆಮ್ಲಜನಕ ಬಿಟ್ಟರೆ ಕರೆಂಟ್ ಮತ್ತು ನೀರು ಕೊಡುವ ಯಂತ್ರ. ನಮ್ಮ ಕೊಚ್ಚಿಯ ಶಿಪ್‌ಯಾರ್ಡ್ ಕಟ್ಟಿದ ಹೈಡ್ರೋಜನ್ ದೋಣಿ 2024ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತಲ್ವಾ, ಅದರೊಳಗೆ ಇರುವುದೂ ಇದೇ. ಈ ಕೆಲಸ ಚುರುಕಾಗಲಿ ಅಂತ ಎರಡೂ ಕಡೆ ಪ್ಲಾಟಿನಂ ಬಳಿಯುತ್ತಾರೆ. ಹೈಡ್ರೋಜನ್ ಕಡೆ ತಕರಾರಿಲ್ಲ, ಚೂರು ಪ್ಲಾಟಿನಂ ಸಾಕು. ಹಠ ಮಾಡುವುದು ಆಮ್ಲಜನಕ. ಅದರ ಎರಡು ಪರಮಾಣು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ, ಅವನ್ನು ಬಿಡಿಸಿ ನೀರು ಮಾಡಲು ನಾಲ್ಕು ಎಲೆಕ್ಟ್ರಾನ್ ಬೇಕು. ಲೆಕ್ಕದ ಪ್ರಕಾರ ಒಂದು ಸೆಲ್‌ನಿಂದ 1.23 ವೋಲ್ಟ್ ಬರಬೇಕು, ಓಡುವಾಗ ಸಿಗುವುದು ಸುಮಾರು 0.6-0.7. ನಷ್ಟದ ದೊಡ್ಡ ಪಾಲು ಇಲ್ಲೇ. ಅದಕ್ಕೇ ಪ್ಲಾಟಿನಂ ಜಾಸ್ತಿ ಬಳಿಯುವುದೂ ಈ ಕಡೆಗೇ.

ಇನ್ನು ನಿಮ್ಮ ಗೆರಟೆ. ಅದರ ಇದ್ದಿಲನ್ನು ಹಬೆಯಲ್ಲಿ ಚೆನ್ನಾಗಿ ಕಾಯಿಸಿದರೆ ಮೈಯೆಲ್ಲ ತೂತಾಗುತ್ತದೆ. ಒಂದು ಗ್ರಾಂ ಪುಡಿಯ ಒಳಮೈ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ 25 ಸೆಂಟ್ಸ್ ಜಾಗ! ಆದರೆ ಜಾಗ ಇದ್ದರೆ ಸಾಲದು, ಕೆಲಸದವರೂ ಬೇಕಲ್ವಾ. ಬರೀ ಇದ್ದಿಲು ಆಮ್ಲದ ನಡುವೆ ತುಂಬ ಸೋಮಾರಿ, ಆಮ್ಲಜನಕವನ್ನು ಅರ್ಧ ದಾರಿಗೆ ತಂದು ಹೈಡ್ರೋಜನ್ ಪೆರಾಕ್ಸೈಡ್ ಮಾಡಿ ಬಿಟ್ಟುಬಿಡುತ್ತದೆ.

ಅದಕ್ಕೆ ಇದ್ದಿಲಿನೊಳಗೆ ಸಾರಜನಕ ಸೇರಿಸುತ್ತಾರೆ. ತೋಟಕ್ಕೆ ಹಾಕುವ ಯೂರಿಯಾವನ್ನೇ ಬೆರೆಸಿ, ಗಾಳಿ ತಾಗದ ಹಾಗೆ 700ರಿಂದ 1000 ಡಿಗ್ರಿ ಕಾಯಿಸುವ ಕ್ರಮವೂ ಇದೆ. 2009ರಲ್ಲಿ ಅಮೆರಿಕದ ಲಿಮಿಂಗ್ ದಾಯ್ ತಂಡ, ಸಾರಜನಕ ಸೇರಿಸಿದ ಇಂಗಾಲದ ನ್ಯಾನೋ ಕೊಳವೆಗಳು ಕ್ಷಾರದಲ್ಲಿ ಪ್ಲಾಟಿನಂಗಿಂತ ಚೆನ್ನಾಗಿ ಕೆಲಸ ಮಾಡಿದ್ದನ್ನು ತೋರಿಸಿತು. ಕ್ಷಾರದಲ್ಲಿ, ನೆನಪಿಡಿ. ಕಾರಿಗೆ ಹಾಕುವ ಫ್ಯೂಯಲ್ ಸೆಲ್ ಒಳಗೆ ಇರುವುದು ಆಮ್ಲ. ಅಲ್ಲಿ ನಾಲ್ಕು ಸಾರಜನಕದ ನಡುವೆ ಒಂದು ಕಬ್ಬಿಣದ ಪರಮಾಣು ಕೂರಿಸಬೇಕು. ನಮ್ಮ ರಕ್ತ ಆಮ್ಲಜನಕ ಹಿಡಿಯುವುದೂ ಹೆಚ್ಚುಕಡಿಮೆ ಇಂಥದ್ದೇ ಗೂಡಿನಲ್ಲಿ.

ಹಾಗಾದರೆ ಇನ್ನೂ ಯಾಕೆ ಪ್ಲಾಟಿನಂ? ಬಾಳಿಕೆ ಇಲ್ಲ, ಅಷ್ಟೇ. ಬೆಲೆಯ ಮಾತು ಎಲ್ಲರೂ ಆಡುತ್ತಾರೆ, ಬಾಳಿಕೆಯ ಮಾತು ಯಾರಿಗೂ ಬೇಡ. ಕಬ್ಬಿಣಕ್ಕೆ ಪೆರಾಕ್ಸೈಡ್ ಸಿಕ್ಕಿದರೆ ಹುಟ್ಟುವ ತುಂಟ ಕಣಗಳು ಇದ್ದಿಲನ್ನೂ ಸೆಲ್‌ನ ಎರಡು ಕಡೆಗಳ ನಡುವೆ ಇರುವ ಪೊರೆಯನ್ನೂ ತಿನ್ನುತ್ತವೆ. ಶುರುವಿನಲ್ಲಿ ಜೋರಾಗಿ ಓಡಿದ ಸೆಲ್ ಕೆಲವೇ ದಿನಗಳಲ್ಲಿ ಸೊರಗುವುದುಂಟು, ಕಾರಿಗಾದರೆ ಸಾವಿರಾರು ಗಂಟೆ ಬಾಳಬೇಕು. ಮೇಲಾಗಿ ಈ ಇದ್ದಿಲಿನ ಶಕ್ತಿ ಕಮ್ಮಿ ಅಂತ ದಪ್ಪಕ್ಕೆ ಬಳಿಯಬೇಕು, ದಪ್ಪವಾದರೆ ಒಳಗೆ ನೀರು ನಿಂತು ಗಾಳಿಗೆ ದಾರಿ ಇರುವುದಿಲ್ಲ. ಮಳೆಗಾಲದ ಅಡಿಕೆ ತೋಟದ ಹಾಗೆ, ಕಣಿ ಬಿಡಿಸದಿದ್ದರೆ ಬೇರು ಕೊಳೆಯುತ್ತದಲ್ಲ.

ಪ್ರಶ್ನೆ: ಶಾಲೆಯ ವಿಜ್ಞಾನ ಮೇಳಕ್ಕೆ ಇದ್ದಿಲಿನಿಂದ ಕರೆಂಟ್ ಮಾಡಿ ತೋರಿಸಬಹುದಾ?
– ಒಬ್ಬ ಟೀಚರ್, ಕುಂಬಳೆ

ಉತ್ತರ: ಖಂಡಿತ, ಹೈಡ್ರೋಜನ್ ಗೊಡವೆಯೇ ಬೇಡ. ಯೂರಿಯಾ ಕಾಯಿಸುವ ಸಾಹಸವಂತೂ ಬೇಡವೇ ಬೇಡ, ಅಮೋನಿಯಾ ಬರುತ್ತದೆ. ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅದರ ಮೇಲೆ ಗಟ್ಟಿ ಉಪ್ಪುನೀರಲ್ಲಿ ಅದ್ದಿದ ಟಿಶ್ಯೂ ಇಡಿ, ಮೇಲೆ ಇದ್ದಿಲು ಪುಡಿ ಹರಡಿ ಒತ್ತಿ. ಒಂದು ವಯರ್ ಫಾಯಿಲ್‌ಗೆ, ಇನ್ನೊಂದು ಪುಡಿಗೆ. ಪುಡಿ ಫಾಯಿಲ್‌ಗೆ ತಾಗಬಾರದು. ಇಲ್ಲೂ ಗಾಳಿಯ ಆಮ್ಲಜನಕವನ್ನು ಹಿಡಿಯುವುದು ಇದ್ದಿಲೇ. ಇಂಥ ಮೂರು-ನಾಲ್ಕನ್ನು ಸಾಲಾಗಿ ಜೋಡಿಸಿದರೆ ಕೆಂಪು ಎಲ್‌ಇಡಿ ಹೊತ್ತುತ್ತದೆ.

ಅಕ್ವೇರಿಯಂ ಅಂಗಡಿಯ ಆಕ್ಟಿವೇಟೆಡ್ ಕಾರ್ಬನ್ ಆದರೆ ಸುಲಭ. ಮನೆಯ ಗೆರಟೆ ಇದ್ದಿಲೇ ಆಗಬೇಕು ಅಂತಿದ್ದರೆ ಮೊದಲು ಒಂದು ತುಂಡಿಗೆ ಮಲ್ಟಿಮೀಟರ್‌ನ ಎರಡೂ ಕಡ್ಡಿ ಒತ್ತಿ ನೋಡಿ. ಮುಳ್ಳು ಅಲ್ಲಾಡದಿದ್ದರೆ ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಇದ್ದಿಲಿಗೆ ಕಾವು ಸಾಲದೆ ಹೋಗಿದೆ ಅಂತ ಅರ್ಥ, ಅದನ್ನು ಬಚ್ಚಲೊಲೆಗೇ ಹಾಕಿ.