ಓದುಗರ ಪ್ರಶ್ನೆ: ಸ್ಕೂಬಾ ಕಲಿಯಲು ಯಾವ ಸಂಸ್ಥೆ ಸರಿ?

ಪ್ರಶ್ನೆ: ಸ್ಕೂಬಾ ಡೈವಿಂಗ್, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದನ್ನು, ಕಲಿಯುವ ಆಸೆಯಿದೆ. ಪ್ಯಾಡಿ, ಎಸ್‌ಎಸ್‌ಐ, ನೌಯಿ, ಸಿಎಂಎಎಸ್, ಬಿಎಸ್‌ಎಸಿ ಎಂದು ಹಲವು ಸಂಸ್ಥೆಗಳ ಹೆಸರು ಕೇಳಿಬರುತ್ತಿದೆ. ಇವುಗಳಲ್ಲಿ ಯಾವುದರ ಪ್ರಮಾಣಪತ್ರಕ್ಕೆ ಎಲ್ಲೆಡೆ ಮನ್ನಣೆ ಸಿಗುತ್ತದೆ? ಯಾವುದರ ತರಬೇತಿ ಉತ್ತಮ?

ಉತ್ತರ: ನೀವು ಹೆಸರಿಸಿದ ಐದೂ ಹಳೆಯ ಸಂಸ್ಥೆಗಳೇ. ಬ್ರಿಟನ್ನಿನ ಬಿಎಸ್‌ಎಸಿ 1953ರಲ್ಲಿ ಕ್ಲಬ್ಬಿನ ರೂಪದಲ್ಲಿ ಹುಟ್ಟಿತು. ಸಿಎಂಎಎಸ್ 1959ರಲ್ಲಿ ನಾನಾ ದೇಶಗಳ ಒಕ್ಕೂಟಗಳನ್ನು ಒಂದುಗೂಡಿಸಿ ರೂಪುಗೊಂಡಿತು. ಫ್ರಾನ್ಸಿನ ಹೆಸರಾಂತ ಸಾಗರ ಅನ್ವೇಷಕ ಜಾಕ್ ಕೂಸ್ಟೊ ಅದರ ಮೊದಲ ಅಧ್ಯಕ್ಷರು. ಅಮೆರಿಕದಲ್ಲಿ ನೌಯಿ ತನ್ನ ಮೊದಲ ಬೋಧಕರ ಶಿಬಿರವನ್ನು ನಡೆಸಿದ್ದು 1960ರಲ್ಲಿ. ಅಲ್ಲಿಯೇ 1966ರಲ್ಲಿ ಪ್ಯಾಡಿ, 1970ರಲ್ಲಿ ಎಸ್‌ಎಸ್‌ಐ ಬಂದವು. ಇವುಗಳ ಪಠ್ಯಕ್ರಮಗಳು ಮೇಲ್ನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಆರಂಭಿಕ ಹಂತದಲ್ಲಿ ಕಲಿಸುವ ವಿಷಯ ಹೆಚ್ಚುಕಡಿಮೆ ಒಂದೇ. ಐಎಸ್‌ಒ 24801 ಎಂಬ ಅಂತರರಾಷ್ಟ್ರೀಯ ಮಾನದಂಡದ ಎರಡನೆಯ ಭಾಗವು, ತನ್ನಷ್ಟೇ ಅನುಭವವಿರುವ ಜೊತೆಗಾರನೊಂದಿಗೆ, ಬೋಧಕರ ಮೇಲ್ವಿಚಾರಣೆಯಿಲ್ಲದೆ ಸುಮಾರು 20 ಮೀಟರ್ ಆಳದವರೆಗೆ ಇಳಿಯುವವನಿಗೆ ಏನೇನು ತಿಳಿದಿರಬೇಕು ಎಂಬುದನ್ನು ನಿಗದಿಪಡಿಸಿದೆ. ಪ್ಯಾಡಿ ಮತ್ತು ಎಸ್‌ಎಸ್‌ಐಗಳ ‘ಓಪನ್ ವಾಟರ್’ (ಆಳದ ಮಿತಿ 18 ಮೀಟರ್) ಆ ಮಟ್ಟದ ಆರಂಭಿಕ ಕೋರ್ಸು. ಸಿಎಂಎಎಸ್‌ನಲ್ಲಿ ಆರಂಭದ ಹಂತದ ಹೆಸರು ‘ಒಂದು ನಕ್ಷತ್ರ’ (ಒನ್ ಸ್ಟಾರ್). ಆದ್ದರಿಂದ ಇವುಗಳಲ್ಲಿ ಯಾವುದರ ಪ್ರಮಾಣಪತ್ರದ ಕಾರ್ಡ್ ತೋರಿಸಿದರೂ ಡೈವಿಂಗ್ ಕೇಂದ್ರಗಳು ಸಾಮಾನ್ಯವಾಗಿ ಒಪ್ಪುತ್ತವೆ. ಒಂದು ಸಂಸ್ಥೆಯಲ್ಲಿ ಮೊದಲ ಹಂತ ಮುಗಿಸಿ ಮುಂದಿನದನ್ನು ಇನ್ನೊಂದರಲ್ಲಿ ಮುಂದುವರಿಸುವವರೂ ಬಹಳ ಮಂದಿ ಇದ್ದಾರೆ.

ಹೀಗಿರುವಾಗ ನಿಮ್ಮ ಎರಡನೆಯ ಪ್ರಶ್ನೆಯನ್ನು ಬೇರೆ ಕಡೆಗೆ ತಿರುಗಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಸ್ಥೆಯು ಪಠ್ಯ ಬರೆಯುತ್ತದೆ, ಕನಿಷ್ಠ ಮಟ್ಟವನ್ನು ಗೊತ್ತುಮಾಡುತ್ತದೆ, ಕಾರ್ಡ್ ಕೊಡುತ್ತದೆ. ನೀರಿನೊಳಗೆ ನಿಮ್ಮ ಪಕ್ಕದಲ್ಲಿರುವವರು ಬೋಧಕರು. ಒಂದೇ ಸಂಸ್ಥೆಯ ಇಬ್ಬರು ಬೋಧಕರ ನಡುವಿನ ಅಂತರವು ಎರಡು ಸಂಸ್ಥೆಗಳ ನಡುವಿನ ಅಂತರಕ್ಕಿಂತ ದೊಡ್ಡದಿರುತ್ತದೆ. ಹಣ ಕಟ್ಟುವ ಮೊದಲು ಅವರನ್ನು ಭೇಟಿಯಾಗಿ ಮಾತನಾಡಿ. ತೆರೆದ ನೀರಿನಲ್ಲಿ, ಅಂದರೆ ಸಮುದ್ರ ಅಥವಾ ಕೆರೆಯಂತಹ ಕಡೆ, ಒಬ್ಬ ಬೋಧಕರಿಗೆ ಎಂಟು ವಿದ್ಯಾರ್ಥಿಗಳು ಎಂಬುದು ಪ್ಯಾಡಿಯ ಮಿತಿ. ನೀರು ಕಲಕಿದ್ದಾಗಲೂ ಅಷ್ಟೇ ಮಂದಿಯನ್ನು ಇಳಿಸುವಿರಾ ಎಂದು ಕೇಳಿ. ಒಂದು ಕೌಶಲ ನನಗೆ ಕೈಗೂಡದಿದ್ದರೆ ಹೆಚ್ಚಿನ ಸಮಯ ಕೊಡುವಿರಾ, ತುರ್ತಿಗೆ ಆಮ್ಲಜನಕದ ಕಿಟ್ ದೋಣಿಯಲ್ಲಿಯೇ ಇರುತ್ತದೆಯೇ, ಬೋಧಕರ ಪರವಾನಗಿ ಈ ವರ್ಷಕ್ಕೆ ನವೀಕರಣಗೊಂಡಿದೆಯೇ ಎಂದೂ ವಿಚಾರಿಸಿ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಕೇಂದ್ರವನ್ನು, ಅದರ ಫಲಕದ ಮೇಲೆ ಯಾವ ಸಂಸ್ಥೆಯ ಲಾಂಛನವಿದ್ದರೂ, ಬಿಟ್ಟು ಬನ್ನಿ.

ಪ್ರಶ್ನೆ: ಮೂರು ನಾಲ್ಕು ದಿನಗಳಲ್ಲಿ ಕೋರ್ಸ್ ಮುಗಿಯುತ್ತದೆಯಂತೆ. ಅಷ್ಟು ಸಾಕೇ?

ಉತ್ತರ: ಕೆಲವರಿಗೆ ಸಾಕು, ಎಲ್ಲರಿಗೂ ಅಲ್ಲ. ಓಪನ್ ವಾಟರ್ ಕೋರ್ಸಿನಲ್ಲಿ ಪಾಠ ಮತ್ತು ಲಿಖಿತ ಪರೀಕ್ಷೆ, ಈಜುಕೊಳದಂತಹ ಸೀಮಿತ ನೀರಿನಲ್ಲಿ ಅಭ್ಯಾಸ, ಆಮೇಲೆ ತೆರೆದ ನೀರಿನಲ್ಲಿ ಕನಿಷ್ಠ ನಾಲ್ಕು ಡೈವ್‌ಗಳು ಇರುತ್ತವೆ. 200 ಮೀಟರ್ ಈಜಬೇಕು, ಹತ್ತು ನಿಮಿಷ ಆಸರೆಯಿಲ್ಲದೆ ತೇಲಬೇಕು. ನೀರು ತುಂಬಿದ ಮಾಸ್ಕನ್ನು ಆಳದಲ್ಲಿಯೇ ಬರಿದುಮಾಡುವುದು, ಬಾಯಿಯಿಂದ ಜಾರಿದ ರೆಗ್ಯುಲೇಟರನ್ನು (ಸಿಲಿಂಡರಿನ ಗಾಳಿಯನ್ನು ಉಸಿರಾಡಲು ಕೊಡುವ ಸಾಧನ) ಹುಡುಕಿ ಹಿಡಿಯುವುದು, ಗಾಳಿ ಮುಗಿದಾಗ ಜೊತೆಗಾರನ ಗಾಳಿಯನ್ನು ಹಂಚಿಕೊಂಡು ಮೇಲೇರುವುದು ಇವೆಲ್ಲ ಒಮ್ಮೆ ಮಾಡಿ ತೋರಿಸಿದರೆ ಮುಗಿಯುವ ಕೌಶಲಗಳಲ್ಲ. ಗಾಬರಿಯ ಹೊತ್ತಿನಲ್ಲಿ ತಾವಾಗಿಯೇ ಕೈಗೆ ಬರುವಷ್ಟು ಪಳಗಬೇಕು.

ಇದರ ಹಿಂದಿನ ಕಾರಣವನ್ನೂ ಅರಿತಿರುವುದು ಒಳ್ಳೆಯದು. ನೀರಿನ ಮೇಲ್ಮೈಯಲ್ಲಿ ಒಂದು ವಾಯುಮಂಡಲದಷ್ಟಿರುವ ಒತ್ತಡವು 10 ಮೀಟರ್ ಆಳದಲ್ಲಿ ಎರಡರಷ್ಟಾಗುತ್ತದೆ. ಅಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದವನ ಶ್ವಾಸಕೋಶದಲ್ಲಿನ ಗಾಳಿ ಎರಡು ಪಟ್ಟು ಹಿಗ್ಗಲು ಹವಣಿಸುತ್ತದೆ. ಶ್ವಾಸಕೋಶ ಹರಿದು ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿದರೆ ಮಿದುಳಿಗೇ ಅಪಾಯ. ಅತಿ ಹೆಚ್ಚು ಹಿಗ್ಗುವಿಕೆ ಆಗುವುದು ಕೊನೆಯ ಕೆಲವು ಮೀಟರುಗಳಲ್ಲಿ, ಅಂದರೆ ಹೊಸಬರು ತಾವು ಸುರಕ್ಷಿತರೆಂದು ಭಾವಿಸುವ ಜಾಗದಲ್ಲಿ. ಉಸಿರು ಎಂದೂ ಕಟ್ಟಬೇಡಿ, ನಿಧಾನವಾಗಿ ಮೇಲೇರಿ ಎಂದು ಎಲ್ಲ ಸಂಸ್ಥೆಗಳೂ ಒಂದೇ ದನಿಯಲ್ಲಿ ಕಲಿಸುವುದು ಇದಕ್ಕಾಗಿಯೇ. ಅದು ನಿಮಗೆ ಸಹಜವಾಗಲು ಐದನೆಯ ದಿನ ಬೇಕಾದರೆ ಐದನೆಯ ದಿನವನ್ನೂ ಕೇಳಿ ಪಡೆಯಿರಿ.

ಪ್ರಶ್ನೆ: ಬಾಲ್ಯದಲ್ಲಿ ಆಸ್ತಮಾ ಇತ್ತು, ಈಗಿಲ್ಲ. ವೈದ್ಯಕೀಯ ನಮೂನೆಯಲ್ಲಿ ಬರೆಯದಿದ್ದರೆ ನಡೆಯುತ್ತದೆ ಎಂದು ಗೆಳೆಯರು ಹೇಳುತ್ತಾರೆ.

ಉತ್ತರ: ದಯವಿಟ್ಟು ಮುಚ್ಚಿಡಬೇಡಿ. ಕಿರಿದಾದ ಶ್ವಾಸನಾಳದ ಹಿಂದೆ ಗಾಳಿ ಸಿಕ್ಕಿಕೊಂಡರೆ, ನೀವು ಸರಿಯಾಗಿ ಉಸಿರು ಬಿಡುತ್ತಿದ್ದರೂ ಮೇಲೆ ಹೇಳಿದ ಅಪಾಯವೇ ಎದುರಾಗಬಹುದು. ಆಸ್ತಮಾ ಇದ್ದವರೆಲ್ಲ ಅನರ್ಹರಲ್ಲ. ಶ್ವಾಸಕೋಶದ ಸಾಮರ್ಥ್ಯವನ್ನು ಪರೀಕ್ಷಿಸಿ ವೈದ್ಯರು ಅನುಮತಿ ಕೊಟ್ಟು, ಸುರಕ್ಷಿತವಾಗಿ ಡೈವ್ ಮಾಡುತ್ತಿರುವವರಿದ್ದಾರೆ. ಡೈವಿಂಗ್ ವೈದ್ಯಕೀಯ ಬಲ್ಲವರ ಬಳಿಗೆ ಹೋಗಿ. "ಎಲ್ಲಕ್ಕೂ ಇಲ್ಲ ಎಂದು ಬರೆದುಬಿಡಿ" ಎನ್ನುವ ಕೇಂದ್ರಕ್ಕೆ ಮಾತ್ರ ಕಾಲಿಡಬೇಡಿ.

ಪ್ರಶ್ನೆ: ಹಲವು ವರ್ಷಗಳ ಹಿಂದೆ ಪಡೆದ ಕಾರ್ಡ್ ನನ್ನ ಬಳಿ ಇದೆ. ಅದರ ಅವಧಿ ಮುಗಿದಿರುತ್ತದೆಯೇ?

ಉತ್ತರ: ಇಲ್ಲ. ಬೋಧಕರು ತಮ್ಮ ಸ್ಥಾನವನ್ನು ವರ್ಷವರ್ಷವೂ ನವೀಕರಿಸಿಕೊಳ್ಳಬೇಕು, ಮನರಂಜನೆಗಾಗಿ ಡೈವ್ ಮಾಡುವವರ ಕಾರ್ಡಿಗೆ ಸಾಮಾನ್ಯವಾಗಿ ಅವಧಿಯಿಲ್ಲ. ಆದರೆ ಕೈಗೆ ಅಭ್ಯಾಸ ತಪ್ಪಿರುತ್ತದೆ. ಮೊದಲು ಪುನರಭ್ಯಾಸದ ಕಿರುಕೋರ್ಸನ್ನು ಮಾಡಿ, ಕೊಳದಲ್ಲಿ ಮಾಸ್ಕ್ ಬರಿದುಮಾಡುವುದು ಮತ್ತು ಗಾಳಿ ಹಂಚಿಕೊಳ್ಳುವುದನ್ನು ಬೋಧಕರ ಎದುರಿಗೆ ಮತ್ತೆ ಮಾಡಿ ನೋಡಿ. ನಿಮ್ಮ ಡೈವ್‌ಗಳನ್ನು ದಾಖಲಿಸಿದ ಲಾಗ್ ಪುಸ್ತಕವನ್ನೂ ಜೊತೆಗೊಯ್ಯಿರಿ. ಕಾರ್ಡ್ ನೋಡಿದ ಮೇಲೆ ಅನುಭವಿ ಬೋಧಕರು ಕೇಳುವುದು ನಿಮ್ಮ ಕೊನೆಯ ಡೈವ್‌ನ ದಿನಾಂಕವನ್ನು.